ಪಿಯು ಹಾಸ್ಟೆಲಿನ ವಸಡು: ಪರೀಕ್ಷೆಗೆ ಮೂರು ವಾರ ಮೊದಲೇ ಹೋದರೆ ರಕ್ತ ಕಡಿಮೆಯಾಗುತ್ತದೆ

ಹಾಸ್ಟೆಲ್ ಮಕ್ಕಳ ವಸಡು ಅಂದರೆ ನಮ್ಮವರಿಗೆ ಒಂದೇ ದಾರಿ: ಶಿಬಿರ ಹಾಕು, ಸ್ಕೇಲಿಂಗ್ (ಹಲ್ಲಿಗೆ ಕಟ್ಟಿದ ಪಾಚಿ ಕೆರೆಯುವುದು) ಮಾಡು, ಬ್ರಶ್ ಹಂಚು, ಫೋಟೊ ತೆಗೆಸಿಕೊಂಡು ಬಾ. ನಾನು ಪರೀಕ್ಷೆಯ ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂದಾಗ "ಅದು ಮನೋವೈದ್ಯರ ಕೆಲಸ, ನೀವು ಹಲ್ಲು ನೋಡಿ" ಎಂದವರೇ ಹೆಚ್ಚು. ಧಾರವಾಡದ ಕಡೆ ಸುಮಾರು 60 ಹುಡುಗರಿರುವ ಒಂದು ವಿಜ್ಞಾನ ವಿಭಾಗದ ಹಾಸ್ಟೆಲಿನಲ್ಲಿ ಮೂರು ವರ್ಷ ತಪ್ಪು ಮಾಡಿ, ತಿದ್ದಿ, ಈಗ ಒಂದು ಪದ್ಧತಿ ಕೈಗೆ ಹತ್ತಿದೆ. ಹಲ್ಲುಜ್ಜುವ ಬಾಸ್ ವಿಧಾನ, ವಸಡು ಅಳೆಯುವ ಸೂಚ್ಯಂಕಗಳು ಹಲ್ಲಿನ ವೈದ್ಯರಾದ ನಿಮಗೆ ಗೊತ್ತಿದ್ದದ್ದೇ. ಅದನ್ನೆಲ್ಲ ಬಿಟ್ಟು ಎಲ್ಲಿ ಕೈ ಸುಟ್ಟಿತು, ಎಲ್ಲಿ ಫಲ ಸಿಕ್ಕಿತು ಅಷ್ಟನ್ನೇ ಬರೆಯುತ್ತೇನೆ.

ಮೊದಲ ವರ್ಷದ ಖರ್ಚು 12–13 ಸಾವಿರ. ಬ್ರಶ್, ಪೇಸ್ಟ್, ಬ್ಯಾನರ್, ಊಟ ಎಲ್ಲ ಸೇರಿ. ವಸಡಿನ ರಕ್ತವನ್ನು ನವೆಂಬರ್‌ನಲ್ಲಿ ಅಳೆದು, ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ ಮತ್ತೆ ಅಳೆದರೆ ರಕ್ತ ಮೊದಲಿಗಿಂತ ಜಾಸ್ತಿ. ಹಣ ಕೊಟ್ಟವರು ಬೇಸರಪಟ್ಟುಕೊಂಡರು. ಎರಡನೇ ವರ್ಷ ಎಲ್ಲರಿಗೂ ಬಾಯಿ ಮುಕ್ಕಳಿಸುವ ಔಷಧಿ, 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಬಾಟಲಿ ಕೊಟ್ಟೆವು, ಅದಕ್ಕೆ ಇನ್ನೊಂದು ಆರು ಸಾವಿರ. ಹತ್ತು ಹದಿನೈದು ದಿನದಲ್ಲಿ ಹಲ್ಲಿನ ಮೇಲೆ ಕಂದು ಕಲೆ, ಊಟದ ರುಚಿ ಕೆಟ್ಟಿತೆಂಬ ದೂರು. ಕಲೆ ಬಿದ್ದ ಹಲ್ಲು ನೋಡಿಕೊಂಡ ಹದಿನೇಳರ ಹುಡುಗ ಬಾಟಲಿಯನ್ನಷ್ಟೇ ಬಿಡುವುದಿಲ್ಲ, ನಮ್ಮನ್ನೂ ನಂಬುವುದು ಬಿಡುತ್ತಾನೆ. ಅದರ ಮೇಲೆ, ಬ್ರಶ್ ಮಾಡಿದ ಕೂಡಲೇ ಅದನ್ನು ಬಾಯಿಗೆ ಹಾಕುತ್ತಿದ್ದರು. ಪೇಸ್ಟಿನ ನೊರೆಯ ಅಂಶ ಔಷಧಿಯ ಶಕ್ತಿ ಕುಂದಿಸುತ್ತದೆ, ನಡುವೆ ಅರ್ಧ ಗಂಟೆ ಬಿಡಬೇಕು. ಅದನ್ನು ಹೇಳಿದ್ದೆವು, ಯಾರೂ ಪಾಲಿಸಲಿಲ್ಲ.

ಗಂಟು ಬಿಚ್ಚಿದ್ದು ಒಂದು ಹಳೆಯ ಲೆಕ್ಕದಿಂದ. ಬ್ರಶ್ ನಿಲ್ಲಿಸಿದರೆ 10ರಿಂದ 21 ದಿನದೊಳಗೆ ವಸಡಿಗೆ ಉರಿಯೂತ ಬರುತ್ತದೆ, ಮತ್ತೆ ಶುರು ಮಾಡಿದರೆ ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ ಎಂದು ದಂತ ಸಂಶೋಧಕ ಲೋ ಮತ್ತು ಸಂಗಡಿಗರು 1965ರಲ್ಲೇ ತೋರಿಸಿದ್ದಾರೆ. ಅಂದರೆ ಪರೀಕ್ಷೆಯ ವಾರ ಕಾಣುವ ರಕ್ತ ಎರಡು ಮೂರು ವಾರದ ಹಿಂದೆ ತಪ್ಪಿದ ಬ್ರಶ್‌ನದು. ಒತ್ತಡದಿಂದ ದೇಹದ ಪ್ರತಿರೋಧವೂ ಏರುಪೇರಾಗುತ್ತದೆ, ಹದಿಹರೆಯದ ಹಾರ್ಮೋನಿನಿಂದ ವಸಡು ಮೊದಲೇ ಸೂಕ್ಷ್ಮವಾಗಿರುತ್ತದೆ, ಅದು ನಿಜ. ಆದರೆ ನಮ್ಮ ಕೈಯಲ್ಲಿರುವುದು ತಪ್ಪಿದ ರಾತ್ರಿಗಳು. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಶಿಬಿರ ಹಾಕುವುದನ್ನು ಬಿಟ್ಟು ವೇಳಾಪಟ್ಟಿ ಹಾಸ್ಟೆಲಿಗೆ ಬಂದ ದಿನವೇ ಕೇಳಿಸಿಕೊಂಡು, ಪರೀಕ್ಷೆಗೆ ಸರಿಯಾಗಿ ಮೂರು ವಾರ ಮುಂಚೆ ಹೋಗತೊಡಗಿದೆ.

ಅಳತೆಗೆ ಆರು ಹಲ್ಲು ಸಾಕು, ದಂತವೈದ್ಯರ ಎರಡಂಕಿ ಸಂಖ್ಯೆಯಲ್ಲಿ 16, 21, 24, 36, 41, 44. ಹಲ್ಲಿಗೆ ಆರು ಜಾಗ, ಒಟ್ಟು 36. ವಸಡಿನ ಅಂಚಿಗೆ ಇಳಿಸುವ ಗುಂಡುತುದಿಯ ಸಣ್ಣ ಕಡ್ಡಿ, ಅಂದರೆ ಪ್ರೋಬ್, ಹಿಡಿದು 20–25 ಗ್ರಾಂ ಒತ್ತಡ. ಕೈ ಅಂದಾಜು ನಂಬಬೇಡಿ. ಚಿನ್ನ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಮುನ್ನೂರು ರೂಪಾಯಿಗೆ ಸಿಗುತ್ತದೆ, ಅದರ ಮೇಲೆ ಪ್ರೋಬ್ ಒತ್ತಿ ಹತ್ತು ಸಲ ಅಭ್ಯಾಸ ಮಾಡಿ ಆಮೇಲೆ ಬಾಯಿಗೆ ಇಡಿ. ಜೊತೆಗಿದ್ದ ಇಂಟರ್ನ್ ಒಬ್ಬರು ಒತ್ತುತ್ತಿದ್ದದ್ದು ಇದರ ದುಪ್ಪಟ್ಟು, ಎರಡನೇ ವರ್ಷದ ಅರ್ಧ ಅಂಕಿ ಅದರಿಂದಲೇ ಹಾಳಾಯಿತು. ಪ್ರೋಬ್ ಮಾಡಿ ಅರ್ಧ ನಿಮಿಷ ಕಾದು ರಕ್ತ ಬಂದ ಜಾಗ ಎಣಿಸಿ. 36ರಲ್ಲಿ 3ರ ತನಕ ನನಗೆ ಆರೋಗ್ಯ, 11 ಮತ್ತು ಮೇಲಕ್ಕೆ ಹೋದರೆ ಕೆಂಪು ಪಟ್ಟಿ. ಮಗುವಿಗೆ ನಾಲ್ಕು ನಿಮಿಷ.

ಎಣಿಕೆ ಮುಗಿದ ಮೇಲೆ ಪ್ಲಾಕ್, ಅಂದರೆ ಹಲ್ಲಿಗೆ ಅಂಟುವ ಜಿಗುಟು ಪೊರೆ, ತೋರಿಸುವ ಎರಡು ಬಣ್ಣದ ದ್ರಾವಣ. ಹೊಸ ಪ್ಲಾಕ್ ಗುಲಾಬಿ, ಹಳೆಯದು ನೀಲಿ. ಈ ನೀಲಿಯೇ ನನ್ನ ದೊಡ್ಡ ಆಯುಧ. ಬೆಳಿಗ್ಗೆ ನಮಗಾಗಿ ಗಸಗಸ ಉಜ್ಜಿ ಬಂದವನ ಮುಂಭಾಗ ಫಳಫಳ ಹೊಳೆಯುತ್ತದೆ, ಕೆಳದವಡೆಯ ಒಳಬದಿಯಲ್ಲಿ ಮಾತ್ರ ವಸಡಿನ ಅಂಚಿಗೆ ದಾರ ಎಳೆದ ಹಾಗೆ ನೀಲಿ ಗೆರೆ ನಿಂತಿರುತ್ತದೆ. ಕೈಗನ್ನಡಿ ಕೊಟ್ಟು ಸುಮ್ಮನಿರಿ. ಆ ಗೆರೆಯನ್ನು ಅವನೇ ಬೆರಳಿಟ್ಟು ತೋರಿಸುವ ತನಕ ಬಾಯಿ ತೆರೆಯಬೇಡಿ. ಹಚ್ಚುವ ಮೊದಲು ತುಟಿಗೆ ವ್ಯಾಸಲಿನ್, ಕೊರಳಿಗೆ ಹಳೆ ಟವೆಲ್, ಬಣ್ಣದ ಅಲರ್ಜಿ ಇದೆಯಾ ಎಂದು ಕೇಳುವುದು ಕಡ್ಡಾಯ. ಬಿಳಿ ಸಮವಸ್ತ್ರಕ್ಕೆ ತಾಗಿದರೆ ಹೋಗುವುದಿಲ್ಲ. ನಾಲ್ಕು ಶರ್ಟಿನ ದುಡ್ಡು ಕಟ್ಟಿದ ಮೇಲೆ ಸ್ನಾನಕ್ಕೆ ಮುಂಚೆ, ಬನಿಯನ್‌ನಲ್ಲೇ ಕರೆಸುತ್ತೇನೆ. ಖರ್ಚು ಉಳಿಸಲು ಬೀಟ್‌ರೂಟ್ ರಸವನ್ನೂ ಹಚ್ಚಿ ನೋಡಿದೆ. ನಾಲಿಗೆಯೆಲ್ಲ ಕೆಂಪಾಯಿತು, ಪ್ಲಾಕಿಗೆ ಸರಿಯಾಗಿ ಹಿಡಿಯಲಿಲ್ಲ.

ಇನ್ನು ಮನಸ್ಸಿನ ಕಡೆ. ಮನಶ್ಶಾಸ್ತ್ರಜ್ಞ ಕೊಹೆನ್ ಅವರ ಹತ್ತು ಪ್ರಶ್ನೆಗಳ ಒತ್ತಡ ಮಾಪಕವನ್ನು ಕನ್ನಡದಲ್ಲಿ ಕೊಟ್ಟೆ. ಮೊದಲ ಸಲ ವಾರ್ಡನ್ ಕೈಯಿಂದ ಹಂಚಿಸಿ ರೋಲ್ ನಂಬರ್ ಬರೆಸಿದ್ದು ದೊಡ್ಡ ತಪ್ಪು. 40ಕ್ಕೆ ಎಲ್ಲರದೂ ಐದು, ಆರು. ಇಡೀ ಹಾಸ್ಟೆಲಿಗೆ ಚಿಂತೆಯೇ ಇಲ್ಲ! ಈಗ ಹೆಸರು, ನಂಬರ್ ಎರಡೂ ಇಲ್ಲ. ವಸಡಿನ ಚೀಟಿಗೂ ಈ ಹಾಳೆಗೂ ಒಂದೇ ಬಣ್ಣದ, ಒಂದೇ ಆಕಾರದ ಅಂಟುಚೀಟಿ; ಯಾವುದು ಯಾರದು ಎಂಬ ಪಟ್ಟಿ ನನ್ನ ಚೀಲದಲ್ಲಿ ಮಾತ್ರ. ಪೋಷಕರ ಒಪ್ಪಿಗೆ ಪತ್ರದಲ್ಲೇ ಇದನ್ನು ಬರೆದಿರುತ್ತೇನೆ. ಅಂಕ ನಂಬುವ ಹಾಗೆ ಬರತೊಡಗಿತು, ಹೆಚ್ಚಿನವರು 14ರಿಂದ 26ರ ನಡುವೆ. 27 ಮತ್ತು ಮೇಲಿನವರನ್ನು ಬೇರೆಯಾಗಿ ಕೂರಿಸಿ ಮಾತಾಡುತ್ತೇನೆ. ಬದುಕೇ ಬೇಡ ಎಂಬ ಮಾತಿನ ಸುಳಿವು ಸಿಕ್ಕರೆ ವಸಡಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ: ಹುಡುಗನನ್ನು ಒಬ್ಬನೇ ಬಿಡದೆ, ಅವನ ಎದುರಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ, ಮನೆಯವರಿಗೆ ಸುದ್ದಿ, ಅದೇ ದಿನ ಮನೋವೈದ್ಯರು.

ಬಾಯಿಮಾತಿನ ಪ್ರಶ್ನೆಗಳು ಹಾಳೆಗಿಂತ ಹೆಚ್ಚು ಹೇಳುತ್ತವೆ. "ರಾತ್ರಿ ಬ್ರಶ್ ಮಾಡ್ತೀಯಾ?" ಅಂದರೆ ಎಲ್ಲರೂ "ಹೌದು ಸರ್". "ಈ ವಾರ ಎಷ್ಟು ರಾತ್ರಿ ತಪ್ಪಿತು?" ಅಂದರೆ "ನಾಲ್ಕು ಸರ್, ಟೆಸ್ಟ್ ಇತ್ತು". ಎಷ್ಟಕ್ಕೆ ಮಲಗುತ್ತೀ, ಯಾವ ಹೊತ್ತಿನ ಊಟ ಬಿಡುತ್ತೀ, ಇವೆರಡು ಅದರ ಹಿಂದೆಯೇ. ನಾಲ್ಕನೆಯ ಪ್ರಶ್ನೆ ಒಂದಿದೆ, ಅದನ್ನು ಕೇಳುವ ಧಾಟಿ ತಪ್ಪಿದರೆ ಮಕ್ಕಳು ಮುದುಡಿಕೊಳ್ಳುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದು ಕೂತವರಿಗೆ ಹೇಳಿಕೊಟ್ಟಿದ್ದೇನೆ. ಕೇಳುವಾಗ ನಿಮ್ಮ ಕುರ್ಚಿಯನ್ನು ಮಾತ್ರ ಹುಡುಗನ ತಲೆಯ ಹಿಂದೆ ಹಾಕಿಕೊಳ್ಳದೆ ಪಕ್ಕಕ್ಕೆ ಹಾಕಿಕೊಳ್ಳಿ.

ತಪ್ಪಿದ ರಾತ್ರಿಗಳ ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಸೋಮಾರಿತನ ಅಲ್ಲ. ಹತ್ತು ಗಂಟೆಗೆ ಹಾಸ್ಟೆಲಿನಲ್ಲಿ ಹಾಲು ಕೊಡುತ್ತಾರೆ, ಆಮೇಲೆ ಹನ್ನೆರಡೂವರೆ ತನಕ ಓದು, ಪುಸ್ತಕದ ಮೇಲೇ ನಿದ್ದೆ. "ಮಲಗುವ ಮುನ್ನ ಬ್ರಶ್" ಎಂಬ ನಮ್ಮ ಉಪದೇಶಕ್ಕೆ ಆ ಹುಡುಗನ ದಿನದಲ್ಲಿ ಜಾಗವೇ ಇರಲಿಲ್ಲ. ಊಟವಾದ ಕೂಡಲೇ ಮಾಡಿಸಿ ನೋಡಿದೆ, ಹಾಲು ಬಿಸ್ಕತ್ತಿನಿಂದ ಕೆಟ್ಟಿತು. ಕೊನೆಗೆ ಹಾಲು ಕುಡಿದು ಲೋಟ ತೊಳೆಯಲು ನಲ್ಲಿಗೆ ಬರುತ್ತಾರಲ್ಲ, ಅಲ್ಲಿಗೇ ಬ್ರಶ್ ತಂದು ನಿಲ್ಲಿಸಿದೆ. ಲೋಟ ತೊಳೆ, ಬ್ರಶ್ ಮಾಡು, ಆಮೇಲೆ ಎಷ್ಟಾದರೂ ಓದು, ನೀರು ಮಾತ್ರ ಕುಡಿ.

ಬ್ರಶ್‌ಗಳನ್ನು ನೆಟ್ಟಗೆ ಇಡಲು ಮೂರು ಇಂಚಿನ ಪಿವಿಸಿ ಪೈಪ್. 20 ಅಡಿಯದೊಂದು ತಂದು ಆರಾರು ಅಡಿಯ ಮೂರು ತುಂಡು ಮಾಡಿದರೆ ತುಂಡಿಗೆ 24 ತೂತು, ಒಟ್ಟು 72. ಮೇಲೆ 18 ಮಿ.ಮೀ. ತೂತು, ಮೂರು ಮೂರು ಇಂಚಿಗೊಂದು. ಹತ್ತಿರ ಕೊರೆದರೆ ಬ್ರಶ್ ವಾಲಿ ಒಂದರ ತಲೆ ಇನ್ನೊಂದಕ್ಕೆ ತಾಗುತ್ತದೆ. ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳು. ಮೊದಲ ಪೈಪಿಗೆ ಇದನ್ನು ಮರೆತು ಒಳಗೆ ಲೋಳೆ ಕಟ್ಟಿತ್ತು. ಎರಡೂ ತುದಿಗೆ ಹಾಕುವ ಮುಚ್ಚಳಕ್ಕೆ ಅಂಟು ಬೇಡ, ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಗೋಡೆಗೆ ಎದೆಮಟ್ಟದಲ್ಲಿ, ಶೌಚಾಲಯದಿಂದ ದೂರ. ಪೈಪ್, ಕ್ಲಾಂಪ್, ಕೂಲಿ ಸೇರಿ ಸಾವಿರದ ಐನೂರರ ಆಸುಪಾಸು. ಮೃದು ಬ್ರಶ್ 60ಕ್ಕೆ ಅಷ್ಟೇ ಆಯಿತು. ಮೂರನೇ ವರ್ಷದ ಒಟ್ಟು ಖರ್ಚು ಬಣ್ಣ ಸೇರಿದರೂ ಐದು ಸಾವಿರ ಮುಟ್ಟಲಿಲ್ಲ.

ಫಲ? ನೆನಪಿನಿಂದ ಹೇಳುವುದಾದರೆ ಮೊದಲ ವರ್ಷ ಪರೀಕ್ಷೆ ಹೊತ್ತಿಗೆ ಕೆಂಪು ಪಟ್ಟಿಯಲ್ಲಿ 45 ಮಂದಿ ಹತ್ತಿರ ಇದ್ದರು, ಮೂರನೇ ವರ್ಷ 15–16. "ನೀವು ಹಲ್ಲು ನೋಡಿ" ಎಂದಿದ್ದವರಲ್ಲಿ ಇಬ್ಬರು ಈಗ ಪೈಪಿನ ತೂತಿನ ಅಳತೆ ಬರೆದುಕೊಂಡು ಹೋಗಿದ್ದಾರೆ.

ಎಣಿಕೆಯ ನಡುವೆ ಕಣ್ಣಿಗೆ ಬೀಳುವ ಇನ್ನು ಕೆಲವನ್ನು ಬಿಡಬೇಡಿ. ವಸಡಿನ ಮೇಲೆ ಅರ್ಧಚಂದ್ರದ ಗಾಯ ಉಗುರಿನದು. ಓದುತ್ತ ಓದುತ್ತ ಉಗುರು ಒತ್ತಿಕೊಳ್ಳುವವರಿದ್ದಾರೆ. ಬೈದರೆ ಜಾಗ ಬದಲಾಗುತ್ತದೆ ಅಷ್ಟೇ, ಕೈಗೆ ರಬ್ಬರ್ ಚೆಂಡು ಕೊಟ್ಟದ್ದು ಕೆಲವರಿಗೆ ಹಿಡಿಸಿತು. ಕೋರೆಹಲ್ಲಿನ ವಸಡು ಸವೆದಿದ್ದರೆ ಸಿಟ್ಟಿನಲ್ಲಿ ಉಜ್ಜುವ ಕೈ. ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಹಿಡಿಸಿ. ಹಲ್ಲಿನ ಸಂದಿಯ ವಸಡಿನ ತುದಿ ಕೊರೆದ ಹಾಗಿದ್ದು, ಬೂದು ಪೊರೆ, ನೋವು, ದುರ್ವಾಸನೆ ಇದ್ದರೆ ಅದು ನೆಕ್ರೋಟೈಸಿಂಗ್ ಜಿಂಜಿವೈಟಿಸ್, ಅಂದರೆ ವಸಡೇ ಕೊಳೆಯುವ ರೋಗ: ನಿದ್ದೆಗೆಟ್ಟ, ಊಟ ಬಿಟ್ಟ, ಬೀಡಿ ಸಿಗರೇಟು ಹಿಡಿದ ಹುಡುಗರಲ್ಲಿ ಪರೀಕ್ಷೆ ಕಾಲಕ್ಕೆ ಬರುತ್ತದೆ, ಅದೇ ದಿನ ಕ್ಲಿನಿಕ್ಕಿಗೆ. ಪ್ಲಾಕ್ ಕಡಿಮೆ ಇದ್ದೂ ಮೊದಲ ದವಡೆಹಲ್ಲು, ಬಾಚಿಹಲ್ಲುಗಳಲ್ಲಿ ಪ್ರೋಬ್ ಆಳಕ್ಕೆ ಇಳಿದರೆ ಎಕ್ಸ್‌ರೇ. ಬಿಳಿಚಿದ ಮುಖ, ಊದಿದ ವಸಡು, ಮುಟ್ಟದೆಯೇ ರಕ್ತ ಬಂದರೆ ಸ್ಕೇಲರ್ ಕೆಳಗಿಟ್ಟು ಮೊದಲು ರಕ್ತಕಣಗಳ ಎಣಿಕೆ ಮಾಡಿಸಿ.

ಉಳಿದ 15–16ರಲ್ಲಿ ಐದಾರು ಮಂದಿ ಬಾಯಲ್ಲಿ ಉಸಿರಾಡುವವರು, ಮೂವರಿಗೆ ತಂತಿ ಕಟ್ಟಿದೆ. ಅವರಿಗೆ ಲೋಟದ ಉಪಾಯ ಸಾಲುತ್ತಿಲ್ಲ. ತಂತಿಯವರಿಗೆ ಸಂದಿ ಬ್ರಶ್ ಸೇರಿಸಿ, ಪೈಪಿನಲ್ಲಿ ಅದಕ್ಕೆ 6 ಮಿ.ಮೀ. ತೂತು ಬೇರೆ ಕೊರೆಸಿದ್ದೇನೆ. ಜನವರಿಯ ಎಣಿಕೆಯಲ್ಲಿ ನೋಡಬೇಕು.