ಕರಾವಳಿ ಕಾದಂಬರಿಗೊಂದು ಕಾಲಪಟ್ಟಿ

ಬರೆಯುವ ಮೊದಲು ಉದ್ದದ ಹಾಳೆಯಲ್ಲಿ ತಿಂಗಳುಗಳನ್ನು ಗುರುತಿಸಿ, ಪ್ರತಿ ಅಧ್ಯಾಯವನ್ನು ಅದರ ತಿಂಗಳಿನ ಕೆಳಗೆ ಹಾಕಿ. ಪಕ್ಕದಲ್ಲಿ ಪಾತ್ರಗಳ ವಯಸ್ಸು. ಕಥೆ ಹೆಚ್ಚಾಗಿ ಸೋರುವುದು ಇಲ್ಲೇ.

ಈಗಿನ ಕಾಲದ ಕಥೆಯಾದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಮಲ್ಪೆ ಬಂದರಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ನಾಯಕ ಆಗ ಟ್ರಾಲ್ ಬೋಟ್ ಹತ್ತಿದನೋ, ಬಂದರಿನ ಓದುಗ ಪುಸ್ತಕ ಮುಚ್ಚಿಟ್ಟ! 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಉಂಟು. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬೋಟು, ಇನ್ನೊಬ್ಬನಿಗೆ ನಾಡದೋಣಿ ಕೊಟ್ಟರೆ ಮಳೆಗಾಲದ ಜಗಳ ತಾನಾಗಿ ಹುಟ್ಟುತ್ತದೆ.

ಮೇ 24ರ ಆಸುಪಾಸಿನ ಪತ್ತನಾಜೆ (ತುಳು ತಿಂಗಳು ಬೇಶದ ಹತ್ತನೇ ದಿನ) ಕಳೆದರೆ ದೈವಗಳ ನೇಮ, ಯಕ್ಷಗಾನ ಮೇಳದ ತಿರುಗಾಟ ನಿಲ್ಲುತ್ತವೆ. ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉಡುಪಿ ಪರ್ಯಾಯ ಸಮ ಇಸವಿಯ ಜನವರಿ 18ಕ್ಕೆ. 1985ಕ್ಕೆ ಅದನ್ನು ತರಬೇಡಿ.

ಹುಡುಕಿದ್ದೆಲ್ಲ ಪುಟಕ್ಕೆ ಸುರಿಯಬಾರದು. ‘ಜೂನ್’ ಎನ್ನುವ ಬದಲು ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಬಲೆ ರಿಪೇರಿ ತೋರಿಸಿ.