ಕೈಗಿಂತ ಕಾಲೇ ಮುಖ್ಯ: ಒಂದೇ ಕಡೆಯ ಬಲದಲ್ಲಿ ವೀಲ್‌ಚೇರ್ ಕಲಿತದ್ದು

ಲಕ್ವ ಹೊಡೆದು ನನ್ನ ಎಡಗೈ, ಎಡಗಾಲು ಬಿದ್ದುಹೋದ ಮೇಲೆ ವೀಲ್‌ಚೇರ್ ಬಂತು. ಬಲಗೈ ಗಟ್ಟಿಯಾಗಿದೆಯಲ್ಲ, ತಳ್ಳಿಕೊಂಡು ಹೋದರಾಯಿತು ಅಂದುಕೊಂಡೆ. ಬಲಚಕ್ರ ತಳ್ಳಿದೆ. ಚೇರು ಎಡಕ್ಕೆ ತಿರುಗಿತು. ಮತ್ತೆ ತಳ್ಳಿದೆ, ಇನ್ನಷ್ಟು ತಿರುಗಿತು. ಗಾಣದೆತ್ತಿನ ಹಾಗೆ ಸುತ್ತಿದ್ದೇ ಬಂತು.

ಒಂದೇ ಚಕ್ರ ತಳ್ಳಿದರೆ ಹಾಗೇ ಆಗುವುದು. ದಾರಿ ತಿದ್ದಬೇಕಾದ್ದು ಕಾಲು. ಫಿಸಿಯೋಥೆರಪಿಸ್ಟ್ ಬಲಗಡೆಯ ಫುಟ್‌ರೆಸ್ಟ್ ಬಿಚ್ಚಿಟ್ಟರು. ಎಡಗಡೆಯದನ್ನು ಹಾಗೇ ಬಿಟ್ಟರು, ಇಲ್ಲದಿದ್ದರೆ ಸ್ವಾಧೀನವಿಲ್ಲದ ಕಾಲು ಚೇರಿನಡಿ ಸಿಕ್ಕಿಕೊಳ್ಳುತ್ತದೆ. ಬಲ ಹಿಮ್ಮಡಿಯನ್ನು ಮುಂದೆ ಊರಿ ಹಿಂದಕ್ಕೆ ಎಳೆಯಬೇಕು, ಅದೇ ಹೊತ್ತಿಗೆ ಕೈ ಚಕ್ರ ತಳ್ಳಬೇಕು. ಚೇರು ಎಡಕ್ಕೆ ತಿರುಗಿದರೆ ಹಿಮ್ಮಡಿಯನ್ನು ತುಸು ಬಲಕ್ಕೆ ಊರಿ ಎಳೆಯುವುದು. ರಬ್ಬರ್ ಅಡಿಯ ಶೂ ಬೇಕೇ ಬೇಕು. ಸಾಕ್ಸ್ ಜಾರುತ್ತದೆ.

ಹೇಳಿದಷ್ಟು ಸುಲಭವಾಗಿ ಅದು ಬರಲಿಲ್ಲ. ನನ್ನ ಹಿಮ್ಮಡಿ ನೆಲಕ್ಕೆ ಎಟುಕುತ್ತಲೇ ಇರಲಿಲ್ಲ! ಸೀಟು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರ, ಅದರ ಮೇಲೆ ದಪ್ಪ ಕುಶನ್ ಬೇರೆ. ಕಾಲು ಎಟುಕಲಿ ಅಂತ ಸೊಂಟ ಮುಂದಕ್ಕೆ ಜಾರಿಸಿ ಕೂರುತ್ತಿದ್ದೆ. ಬೆನ್ನು ಗೂನಾಯಿತು, ಬಾಲಮೂಳೆಯ ಹತ್ತಿರ ಚರ್ಮ ಕೆಂಪಾಯಿತು. 'ನೆಟ್ಟಗೆ ಕೂತ್ಕೊಳ್ಳಿ' ಅಂತ ಎಲ್ಲರೂ ಹೇಳುವವರೇ. ಎರಡು ವಾರ ಸುಮ್ನೆ ಬೈಸಿಕೊಂಡೆ. ತಪ್ಪು ಚೇರಿನದಾಗಿತ್ತು.

ಕೊನೆಗೆ ಹಿಂದಿನ ಚಕ್ರಗಳನ್ನು ಫ್ರೇಮಿನ ಮೇಲಿನ ತೂತಿಗೆ ಹಾಕಿ, ಮುಂದಿನ ಪುಟ್ಟ ಚಕ್ರಗಳನ್ನೂ ಹೊಂದಿಸಿ, ಸೀಟನ್ನು 5 ಸೆಂ.ಮೀ. ಇಳಿಸಿದರು. ಕುಶನ್ ತೆಳ್ಳಗಿನದು ಬಂತು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳಿನ ಸಂದು ಇದೆಯಾ ನೋಡಿದರು. ಚಕ್ರ ಸರಿಸಿದರೆ ಬ್ರೇಕನ್ನೂ ಹೊಸದಾಗಿ ಕೂರಿಸಬೇಕು. ಅದು ಯಾರಿಗೂ ನೆನಪಾಗಿರಲಿಲ್ಲ, ಮೊದಲ ದಿನ ಹಿಡಿಯಲೇ ಇಲ್ಲ. ಆದರೂ ಅಂದೇ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋದೆ. ನೇರವಾಗಿ ಅಂತ ಹೇಳಲಾರೆ.

ಎರಡೂ ಚಕ್ರಗಳನ್ನು ಕೈಯಲ್ಲಿ ತಳ್ಳುವ ಬಳೆಗಳು (ರಿಮ್) ಒಂದೇ ಕಡೆ ಇರುವ, ಒಂಟಿಗೈಯಲ್ಲಿ ಓಡಿಸುವ ಚೇರನ್ನೂ ನೋಡಿದೆ. ನನಗೆ ಭಾರ ಜಾಸ್ತಿ ಅನ್ನಿಸಿತು.

ಇನ್ನೊಂದು ಕಷ್ಟ ಕೈಕಾಲಿನದಲ್ಲ, ಮಿದುಳಿನದು. ಎಡಗಡೆ ಅನ್ನುವುದೇ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಣ್ಣು ಸರಿ ಇದ್ದರೂ ಬಾಗಿಲ ಎಡಚೌಕಟ್ಟಿಗೆ ಗುದ್ದುತ್ತಿದ್ದೆ. ಎಡಗೈ ಜಾರಿ ಚಕ್ರದ ಕಡ್ಡಿಗಳ ಹತ್ತಿರ ನೇತಾಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಎಡಬ್ರೇಕ್ ಹಾಕದೆ ಎದ್ದೆ, ಚೇರು ಗಿರಕ್ಕನೆ ತಿರುಗಿತು, ನಾನು ನೆಲದ ಮೇಲೆ. ಆಮೇಲೆ ಆ ಬ್ರೇಕಿಗೆ ಉದ್ದನೆಯ ಕೊಳವೆ ತೊಡಿಸಿ ಕೆಂಪು ಟೇಪ್ ಸುತ್ತಿಸಿದೆ. ಬಲಗೈ ಚಾಚಿದರೆ ಈಗ ಸಿಗುತ್ತದೆ. ಏಳುವ ಮೊದಲು 'ಎಡ ಬ್ರೇಕ್, ಬಲ ಬ್ರೇಕ್' ಅಂತ ಬಾಯಿಬಿಟ್ಟೇ ಹೇಳಿಕೊಳ್ಳುತ್ತೇನೆ.

ಹೊಸ್ತಿಲನ್ನು ಹಿಮ್ಮುಖವಾಗಿ ದಾಟುತ್ತೇನೆ. ದೊಡ್ಡ ಚಕ್ರ ಮೊದಲು ಹತ್ತುತ್ತದೆ, ಕಾಲಿಗೂ ಎಳೆಯುವುದಕ್ಕಿಂತ ಒದೆಯುವುದು ಸಲೀಸು. ಸಣ್ಣ ರ‍್ಯಾಂಪ್ ಹತ್ತುವುದೂ ಹೀಗೆಯೇ. ಇಳಿಯುವಾಗ ಮಾತ್ರ ಈಗಲೂ ಹಿಂದೆ ಯಾರಾದರೂ ಹಿಡಿದಿರಬೇಕು. ಒಂದೇ ಚಕ್ರವನ್ನು ಅದುಮಿದರೆ ಚೇರು ಅಡ್ಡ ತಿರುಗಿಬಿಡುತ್ತದೆ.