ಅಪ್‌ಗ್ರೇಡ್ ಆಯ್ತು, ಇನ್ನೊಂದು ಪಾತ್ ಎಲ್ಲಿ ಹೋಯ್ತು ಮಾರಾಯ್ರೆ?

ಲಿನಕ್ಸ್ ಅಪ್‌ಗ್ರೇಡ್ ಮುಗಿಯಿತು, ಸರ್ವರ್ ಎದ್ದಿತು, ಡೇಟಾಬೇಸ್ ಓಡ್ತಾ ಉಂಟು, ಎಲ್ಲರೂ ಮನೆಗೆ ಹೋದರು. ಎಡವಟ್ಟು ಇರುವುದು ಇಲ್ಲೇ. ಸ್ಟೋರೇಜಿಗೆ ಹೋಗುವ ಎರಡು ದಾರಿಯಲ್ಲಿ (ಪಾತ್ ಅನ್ನುವುದು ಇದಕ್ಕೇ) ಒಂದು ಸತ್ತರೂ ಸರ್ವರ್ ಏನೂ ಆಗದ ಹಾಗೆ ನಡೆಯುತ್ತದೆ, ಎರಡು ದಾರಿ ಇಟ್ಟದ್ದೇ ಅದಕ್ಕಲ್ವಾ? ನಮ್ಮ ಮಂಗಳೂರು, ಉಡುಪಿ ಕಡೆ ಇದು ಹೊರಬೀಳುವುದು ಮಳೆಗೆ ಮೊದಲಿನ ಗುಡುಗು ಸಿಡಿಲಿನ ಹೊತ್ತಿಗೆ: ಕರೆಂಟ್ ಹೋಗಿ, ಒಂದು ಯುಪಿಎಸ್ ಕೈಕೊಟ್ಟು, ಅದರ ಮೇಲಿದ್ದ ಸ್ವಿಚ್ ಆಫ್ ಆದಾಗ. ಹಾಗಾಗಿ ಅಪ್‌ಗ್ರೇಡ್ ಮಾಡಿದ ದಿನವೇ ನೋಡಿಬಿಡಿ.

ನಾನು ಹೇಳುತ್ತಿರುವುದು ರೆಡ್ ಹ್ಯಾಟ್ ಜಾತಿಯ ಲಿನಕ್ಸ್ ಬಗ್ಗೆ. 7ನೇ ಆವೃತ್ತಿಯ ಮೇಂಟೆನೆನ್ಸ್ 2024ರ ಜೂನ್ 30ಕ್ಕೆ ಮುಗಿದ ಕಾರಣ 8ಕ್ಕೆ, 9ಕ್ಕೆ ಹತ್ತುವ ಕೆಲಸ ತುಂಬಾ ಕಡೆ ಬಂತು. ಕಮಾಂಡುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.

ಈ ದಾರಿಗಳನ್ನೆಲ್ಲ ಸೇರಿಸಿ ಒಂದೇ ಡಿಸ್ಕಾಗಿ ತೋರಿಸುವುದು ಮಲ್ಟಿಪಾತ್. ಮೊದಲು ರೂಟ್ ಆಗಿ 'ಮಲ್ಟಿಪಾತ್ -ಎಲ್‌ಎಲ್' ಕೊಡಿ. ಸ್ಟೋರೇಜಿಗೆ ಜೋಡಿಸುವ ಕಾರ್ಡಿನಲ್ಲಿ ಎರಡು ಪೋರ್ಟ್, ಒಂದೊಂದಕ್ಕೂ ಸ್ಟೋರೇಜಿನ ಎರಡು ಪೋರ್ಟ್ ಕಾಣುವುದಾದರೆ ಪ್ರತಿ ಲನ್ (ಸ್ಟೋರೇಜ್ ಸರ್ವರಿಗೆ ಕೊಡುವ ಒಂದೊಂದು ಡಿಸ್ಕ್) ಕೆಳಗೆ ನಾಲ್ಕು ಸಾಲು ಇರಬೇಕು, ನಾಲ್ಕರಲ್ಲೂ 'ಆಕ್ಟಿವ್ ರೆಡಿ ರನ್ನಿಂಗ್' ಅಂತ ಇರಬೇಕು. ಒಂದು ಗುಂಪಿಗೆ ಪ್ರಯೋ (ಆದ್ಯತೆ) 50, 'ಆಕ್ಟಿವ್'. ಇನ್ನೊಂದಕ್ಕೆ ಪ್ರಯೋ 10, 'ಎನೇಬಲ್ಡ್' ಅಂತ ಬಂದರೆ ಗಾಬರಿ ಬೇಡ. ಅಲುವಾ (ಯಾವ ದಾರಿ ಒಳ್ಳೆಯದು ಅಂತ ಸ್ಟೋರೇಜೇ ಹೇಳುವ ಪದ್ಧತಿ) ಇರುವ ಸ್ಟೋರೇಜಿನಲ್ಲಿ ಅದು ಸಹಜ. ಇದನ್ನು ಕಂಡು ಅರ್ಧ ರಾತ್ರಿ ಫೋನ್ ಮಾಡುವವರಿದ್ದಾರೆ!

ಸಾಲು ಉಂಟು, ಆದರೆ 'ಫೇಲ್ಡ್ ಫಾಲ್ಟಿ' ಅನ್ನುತ್ತದೆಯಾ? ಆಗ ಕೇಬಲ್, ಸ್ವಿಚ್ ಪೋರ್ಟ್, ಝೋನಿಂಗ್ (ಯಾರು ಯಾರನ್ನು ಕಾಣಬಹುದು ಅಂತ ಸ್ವಿಚ್ಚಿನಲ್ಲಿ ಇಡುವ ನಿಯಮ) ನೋಡಿ.

ಸಾಲೇ ಇಲ್ಲದಿದ್ದರೆ ಇನ್ನೂ ಕೆಳಗಿಳಿಯಬೇಕು. ಸ್ಟೋರೇಜಿಗೆ ಜೋಡಣೆ ಫೈಬರ್ ಚಾನೆಲ್ (ಸ್ಟೋರೇಜಿಗೆಂದೇ ಇರುವ ಬೇರೆ ನೆಟ್‌ವರ್ಕ್) ಆದರೆ '/ಸಿಸ್/ಕ್ಲಾಸ್/ಎಫ್‌ಸಿ_ಹೋಸ್ಟ್' ಒಳಗೆ ಪ್ರತಿ ಹೋಸ್ಟಿನ 'ಪೋರ್ಟ್_ಸ್ಟೇಟ್' ಓದಿ, 'ಆನ್‌ಲೈನ್' ಇರಬೇಕು. ಹೋಸ್ಟೇ ಕಾಣೆ, ಆದರೆ 'ಎಲ್‌ಎಸ್‌ಪಿಸಿಐ'ಯಲ್ಲಿ ಕಾರ್ಡ್ ಕಾಣುತ್ತದೆ ಅಂದರೆ ಡ್ರೈವರ್ ಹತ್ತಿಲ್ಲ. ರೆಡ್ ಹ್ಯಾಟ್ 8ರಲ್ಲಿ ಕೆಲವು ಹಳೇ ಕಾರ್ಡುಗಳ ಸಪೋರ್ಟನ್ನೇ ತೆಗೆದಿದ್ದಾರೆ, ಅಲ್ಲಿ ಕಾನ್ಫಿಗ್ ತಿದ್ದುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್. ಕಾರ್ಡ್ ಬದಲಾಯಿಸಿದರೆ ಅದರ ವಿಳಾಸವೂ ಬದಲಾಗುತ್ತದೆ; ಝೋನಿಂಗ್, ಲನ್ ಮ್ಯಾಪಿಂಗ್ ಎರಡನ್ನೂ ತಿದ್ದಿಸಿ. ಐಸ್ಕಸಿ (ಸಾದಾ ನೆಟ್‌ವರ್ಕಿನ ಮೇಲೆ ಸ್ಟೋರೇಜ್ ಜೋಡಿಸುವ ಬಗೆ) ಆದರೆ 'ಐಸ್ಕಸಿಆಡ್ಮ್ -ಎಂ ಸೆಷನ್' ಕೊಟ್ಟು ಎಷ್ಟು ಸೆಷನ್ (ಸ್ಟೋರೇಜಿಗೆ ಆದ ಲಾಗಿನ್) ಉಂಟು ಅಂತ ಎಣಿಸಿ. ಕಮ್ಮಿ ಇದ್ದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಐಪಿ ಬಿಟ್ಟುಹೋಗಿರಬಹುದು. ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಇನಿಶಿಯೇಟರ್ ಹೆಸರೇ (ಸ್ಟೋರೇಜಿಗೆ ಸರ್ವರ್ ಹೇಳುವ ಗುರುತು) ಬೇರೆ ಆಗಿ ಸ್ಟೋರೇಜ್ ಒಳಗೆ ಬಿಡುತ್ತಿರುವುದಿಲ್ಲ. ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಇಟ್ಟವರು 'ಪಿಂಗ್ -ಎಂ' (ಇದೊಂದು ಮಾತ್ರ ದೊಡ್ಡಕ್ಷರ) 'ಡು -ಎಸ್ 8972' ಹಾಕಿ ಸ್ಟೋರೇಜಿನ ಐಪಿಗೆ ಪ್ಯಾಕೆಟ್ ಮುಟ್ಟುತ್ತದಾ ನೋಡಿ.

ಜಾಸ್ತಿ ತಲೆ ತಿನ್ನುವುದು ಮೂರನೇ ಬಗೆ. 'ಎಲ್‌ಎಸ್‌ಬಿಎಲ್‌ಕೆ'ಯಲ್ಲಿ ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ ಅಂತ ಒಂದೇ ಗಾತ್ರದ ನಾಲ್ಕು ಡಿಸ್ಕ್ ಕಾಣುತ್ತವೆ, ನಾಲ್ಕೂ ಸೇರಿ ಆಗುವ ಎಂಪಾತ್ ಡಿಸ್ಕ್ ಮಾತ್ರ ಇಲ್ಲ. 'ಮಲ್ಟಿಪಾತ್ -ವಿ3 -ಡಿ' ಕೊಡಿ. ಅದು ಏನನ್ನೂ ಬದಲಾಯಿಸುವುದಿಲ್ಲ, ಯಾವ ಡಿಸ್ಕನ್ನು ಯಾಕೆ ಬಿಟ್ಟಿತು ಅಂತ ಉದ್ದಕ್ಕೆ ಹೇಳುತ್ತದೆ. ಬ್ಲ್ಯಾಕ್‌ಲಿಸ್ಟ್ ಆಗಿದೆಯೋ, 'ಫೈಂಡ್_ಮಲ್ಟಿಪಾತ್ಸ್' (ಯಾವ ಡಿಸ್ಕನ್ನು ಮಲ್ಟಿಪಾತಿಗೆ ಸೇರಿಸಬೇಕು ಅನ್ನುವ ಸೆಟ್ಟಿಂಗ್) ಅಡ್ಡ ಬಂದಿದೆಯೋ ಅಲ್ಲೇ ಸಿಗುತ್ತದೆ. ಯಾವುದೋ ಕಾಲದ ಕಾನ್ಫಿಗ್ ಫೈಲನ್ನೇ ಹೊತ್ತುಕೊಂಡು ಬಂದಿದ್ದರೆ 'ಗೆಟ್‌ಯುಐಡಿ_ಕಾಲ್‌ಔಟ್' ತರದ ಈಗಿಲ್ಲದ ಸಾಲುಗಳು ಅದರಲ್ಲಿ ಇರಬಹುದು, ತೆಗೆಯಿರಿ.

ಕಾನ್ಫಿಗ್ ಸರಿ ಇದ್ದೂ ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಲಿನಕ್ಸ್ ವ್ಯವಸ್ಥೆ) ನೇರ ಎಸ್‌ಡಿಬಿ ಮೇಲೆಯೇ ಕೂತಿದ್ದರೆ, ಬೂಟ್ ಆಗುವಾಗ ಮಲ್ಟಿಪಾತಿಗಿಂತ ಮೊದಲೇ ಅದು ಡಿಸ್ಕನ್ನು ಹಿಡಿದುಕೊಂಡಿದೆ ಅಂತ ಲೆಕ್ಕ. ಕಾರಣ ಹೆಚ್ಚಾಗಿ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್ ಶುರುವಿಗೆ ಮೆಮೊರಿಗೆ ಹತ್ತುವ ಸಣ್ಣ ಫೈಲ್ ಸಿಸ್ಟಮ್. ಅದರೊಳಗೆ ಮಲ್ಟಿಪಾತ್ ಕಾನ್ಫಿಗಿನ ಬೇರೆಯೇ ಪ್ರತಿ ಇರುತ್ತದೆ, ನೀವು 'ಇಟಿಸಿ'ಯಲ್ಲಿ ಎಷ್ಟು ತಿದ್ದಿದರೂ ಬೂಟ್ ಸಮಯಕ್ಕೆ ಓದುವುದು ಆ ಹಳೇ ಪ್ರತಿಯನ್ನೇ. 'ಎಲ್‌ಎಸ್‌ಇನಿಟ್‌ಆರ್‌ಡಿ' ಕೊಟ್ಟು ಒಳಗೆ ಮಲ್ಟಿಪಾತ್ ಇದೆಯಾ ನೋಡಿ. 9ರಲ್ಲಾದರೆ ಎಲ್‌ವಿಎಂನ 'ಸಿಸ್ಟಮ್.ಡಿವೈಸಸ್' ಫೈಲಿನಲ್ಲಿ ಎಂಪಾತ್ ಉಂಟಾ, ಎಸ್‌ಡಿಬಿ ಉಂಟಾ ಅಂತಲೂ ನೋಡಿ, 'ಎಲ್‌ವಿಎಂಡಿವೈಸಸ್' ಕಮಾಂಡಿನಿಂದ ಸರಿಮಾಡಿ. ಆಮೇಲೆ ಈಗಿರುವ ಇನಿಟ್‌ರಾಮ್‌ಎಫ್‌ಎಸ್‌ನ ಒಂದು ಪ್ರತಿ ತೆಗೆದಿಟ್ಟು, 'ಡ್ರಾಕಟ್ -ಎಫ್' ಕೊಟ್ಟು ಅದನ್ನು ಹೊಸದಾಗಿ ಕಟ್ಟಿ ರೀಬೂಟ್. ನೆನಪಿಡಿ, ಸುಮ್ನೆ 'ಡ್ರಾಕಟ್ -ಎಫ್' ಅಂದರೆ ಆಗ ಓಡುತ್ತಿರುವ ಕರ್ನಲ್ಲಿಗೆ ಮಾತ್ರ.

ಎಲ್ಲ ಸರಿಯಾಯ್ತು ಅಂತ ಕಂಡ ಮೇಲೆ ಪರೀಕ್ಷೆ. ಬ್ಯಾಕಪ್ ಇದೆ ಅಂತ ಖಾತ್ರಿ ಮಾಡಿಕೊಂಡು ಒಂದು ಬದಿಯ ಸ್ವಿಚ್ ಪೋರ್ಟನ್ನು ಆಫ್ ಮಾಡಿಸಿ, 'ಮಲ್ಟಿಪಾತ್‌ಡಿ ಶೋ ಪಾತ್ಸ್' ಕೊಡುತ್ತಾ ಇರಿ. ಅರ್ಧ ಪಾತ್ ಬಿದ್ದು ಕೆಲಸ ಮುಂದುವರಿಯಬೇಕು. ಪೋರ್ಟ್ ಆನ್ ಮಾಡಿದ ಮೇಲೆ ಆ ಪಾತ್‌ಗಳು ತಾವಾಗಿಯೇ ವಾಪಸ್ ಬರಬೇಕು. ಬಂದದ್ದನ್ನು ಕಣ್ಣಾರೆ ನೋಡದೆ ಇನ್ನೊಂದು ಬದಿ ಮುಟ್ಟಬೇಡಿ: ದಾರಿ ಒಂದೂ ಇಲ್ಲದಾಗ ಏನು ಮಾಡಬೇಕು ಅನ್ನುವ 'ನೋ_ಪಾತ್_ರಿಟ್ರೈ' ಸೆಟ್ಟಿಂಗಿಗೆ 'ಕ್ಯೂ' (ಕಾಯುತ್ತಾ ಇರು) ಅಂತ ಇಟ್ಟಿದ್ದರೆ, ಎರಡೂ ಬಿದ್ದಾಗ ಪ್ರೋಗ್ರಾಮುಗಳು ಎರರ್ ಕೂಡ ಕೊಡದೆ ನಿಂತಲ್ಲೇ ನಿಲ್ಲುತ್ತವೆ, ಕಿಲ್ ಮಾಡಿದರೂ ಸಾಯುವುದಿಲ್ಲ.